ಪದವಿಯಲ್ಲಿ ಜಿಪಿಎ 3.0ಕ್ಕೆ ನಿಂತಿದೆ: ಅಮೆರಿಕದ ವೈದ್ಯಕೀಯ ಶಾಲೆಗೆ ಇನ್ನೂ ದಾರಿ ಇದೆಯೇ?

ಹೇಮಾವತಿ ತೀರ, ನ್ಯೂ ಜೆರ್ಸಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕಳೆದ ಮೇ ತಿಂಗಳಲ್ಲಿ ಇಲ್ಲಿನ ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದಳು. ಒಟ್ಟು 120 ಕ್ರೆಡಿಟ್‌ಗಳಿಗೆ ಅವಳ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.0, ವಿಜ್ಞಾನ ಮತ್ತು ಗಣಿತದ 60 ಕ್ರೆಡಿಟ್‌ಗಳನ್ನು ಮಾತ್ರ ತೆಗೆದುಕೊಂಡರೆ 2.8. ಮೊದಲ ಎರಡು ವರ್ಷ ಅವಳು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿದ್ದಳು. ಭಾರವಾದ ಪಾಠಗಳನ್ನು ಒಟ್ಟೊಟ್ಟಿಗೆ ಹೊತ್ತುಕೊಂಡು, ಮನೆಯಿಂದಲೇ ದಿನವೂ ಓಡಾಡುತ್ತಿದ್ದ ಆ ಅವಧಿಯಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಎರಡನೆಯ ಭಾಗದಲ್ಲಿ ಸಿ ಮೈನಸ್, ಭೌತಶಾಸ್ತ್ರದಲ್ಲಿ ಸಿ ಬಂದವು. ಎರಡು ವರ್ಷದ ಸರಾಸರಿ 2.6ಕ್ಕೆ ನಿಂತಿತು. ವಿಭಾಗ ಬದಲಿಸಿದ ಮೇಲೆ ಮೂರನೆಯ ವರ್ಷ 3.3, ಕೊನೆಯ ವರ್ಷ 3.5 ಆಯಿತು. ವೈದ್ಯಕೀಯ ಶಾಲೆಯ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಇನ್ನೂ ಬರೆದಿಲ್ಲ. ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಸ್ವಯಂಸೇವೆ ಮಾಡುತ್ತಾಳೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಇನ್ನೊಂದು ವರ್ಷ ಹಾಳು ಮಾಡದೆ ಈ ಜೂನ್‌ನಲ್ಲೇ ಅರ್ಜಿ ಹಾಕಿಬಿಡಲಿ ಎನ್ನುವುದು ನಮ್ಮ ಯಜಮಾನರ ಅಭಿಪ್ರಾಯ. ಕೆರಿಬಿಯನ್ ದ್ವೀಪದ ಕಾಲೇಜಿಗೆ ಕಳಿಸಿ ಎಂದು ಪರಿಚಯದವರು ಹೇಳುತ್ತಾರೆ. ಹಾಸನದಲ್ಲಿರುವ ನಮ್ಮ ಮಾವನವರು ಎನ್‌ಆರ್‌ಐ ಕೋಟಾದಲ್ಲಿ ಅಲ್ಲಿಯೇ ಎಂಬಿಬಿಎಸ್ ಓದಿಸೋಣ ಎನ್ನುತ್ತಾರೆ. ಮಗಳು ಮಾತ್ರ ಯಾವುದಕ್ಕೂ ಉತ್ತರ ಕೊಡದೆ, ಪದವಿ ಮುಗಿದ ಮೇಲೆ ಮತ್ತೆ ಪದವಿ ಮಟ್ಟದಲ್ಲೇ ಓದುವ ಪೋಸ್ಟ್‌ಬ್ಯಾಕ್ ಕೋರ್ಸುಗಳ ಪುಟಗಳನ್ನು ತೆರೆದಿಟ್ಟುಕೊಂಡು ಕೂರುತ್ತಾಳೆ. ಈ ಹಾದಿಯಲ್ಲಿ ನಡೆದವರು, ಒಳಗಿನಿಂದ ಬಲ್ಲವರು ಇದ್ದರೆ ದಯವಿಟ್ಟು ವಿವರವಾಗಿ ತಿಳಿಸಿ.

ಭದ್ರೆಯ ಮಗಳು, ಮಿಷಿಗನ್

ಹೇಮಾವತಿ ತೀರ ಅವರೇ, ನಾನು ಇಂಟರ್ನಲ್ ಮೆಡಿಸಿನ್ ವೈದ್ಯೆ. ಕೆಲವು ವರ್ಷ ಒಂದು ಎಂಡಿ (ಅಮೆರಿಕದಲ್ಲಿ ಇದು ವೈದ್ಯರ ಮೊದಲ ಪದವಿ) ಶಾಲೆಯ ಪ್ರವೇಶ ಸಮಿತಿಯಲ್ಲಿದ್ದು ಅರ್ಜಿಗಳನ್ನು ಓದಿದ್ದೇನೆ. ನೇರವಾಗಿಯೇ ಹೇಳುತ್ತೇನೆ. ನಿಮ್ಮ ಮಗಳು ಈ ಜೂನ್‌ನಲ್ಲಿ ಅರ್ಜಿ ಹಾಕುವುದು ಬೇಡ. ಹಾಗೆಂದು ವೈದ್ಯೆಯಾಗುವ ಆಸೆಯನ್ನು ಬಿಡಬೇಕಾಗಿಯೂ ಇಲ್ಲ.

ಮೊದಲು ಎದುರಿಗಿರುವ ಸ್ಥಿತಿಯನ್ನು ನೋಡೋಣ. ಎಂಡಿ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಪ್ರತಿವರ್ಷ 50,000ಕ್ಕೂ ಹೆಚ್ಚು ಮಂದಿ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23,000. ಸೇರಿದವರ ಸರಾಸರಿ ಜಿಪಿಎ 3.8ಕ್ಕೆ ಹತ್ತಿರವಿದೆ, ಸರಾಸರಿ ಎಂಕ್ಯಾಟ್ ಅಂಕ 511ರಿಂದ 512ರ ಆಸುಪಾಸಿನಲ್ಲಿದೆ. ಅಂದರೆ ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎಲ್ಲಿಯೂ ಸೀಟು ಸಿಗುವುದಿಲ್ಲ, ಅವರಲ್ಲಿ ಒಳ್ಳೆಯ ಅಂಕ ಪಡೆದವರೂ ಇರುತ್ತಾರೆ. ಒಮ್ಮೆ ಸಿದ್ಧತೆಯಿಲ್ಲದೆ ಅರ್ಜಿ ಹಾಕಿ ಸೋತರೆ ಮುಂದಿನ ಸಲ ಅದೇ ಶಾಲೆಗಳು ‘ಕಳೆದ ಸಲಕ್ಕಿಂತ ಏನು ಬದಲಾಗಿದೆ’ ಎಂದು ಕೇಳುತ್ತವೆ. ಹಣ, ಸಮಯ, ಮಗುವಿನ ಆತ್ಮವಿಶ್ವಾಸ ಮೂರೂ ಅಲ್ಲಿ ಖರ್ಚಾಗುತ್ತವೆ. ಈಗ ವೈದ್ಯಕೀಯ ಶಾಲೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಟ್ಟು ಬಂದವರೇ. ಆದ್ದರಿಂದ ‘ವರ್ಷ ಹಾಳಾಗುತ್ತದೆ’ ಎಂಬ ಭಯವನ್ನು ನಿಮ್ಮ ಯಜಮಾನರು ಮನಸ್ಸಿನಿಂದ ತೆಗೆದುಹಾಕಲಿ ಎಂದು ನನ್ನ ವಿನಂತಿ.

ಇನ್ನು ಲೆಕ್ಕಕ್ಕೆ ಬರೋಣ, ಏಕೆಂದರೆ ಇಲ್ಲಿ ಅನೇಕ ಕುಟುಂಬಗಳು ತಪ್ಪು ತಿಳಿದುಕೊಂಡಿರುತ್ತವೆ. ಎಂಡಿ ಶಾಲೆಗಳ ಅರ್ಜಿ ಆಮ್‌ಕಾಸ್ ಎಂಬ ವ್ಯವಸ್ಥೆಯ ಮೂಲಕ ಹೋಗುತ್ತದೆ. ವಿಶ್ವವಿದ್ಯಾಲಯ ಮುದ್ರಿಸಿಕೊಟ್ಟ ಜಿಪಿಎಯನ್ನು ಅದು ಹಾಗೆಯೇ ಸ್ವೀಕರಿಸುವುದಿಲ್ಲ. ಪ್ರತಿಯೊಂದು ಕೋರ್ಸನ್ನೂ ಕ್ರೆಡಿಟ್‌ ಸಮೇತ ನಮೂದಿಸಿಕೊಂಡು ತಾನೇ ಮತ್ತೆ ಲೆಕ್ಕ ಹಾಕುತ್ತದೆ. ಒಂದೇ ಕೋರ್ಸನ್ನು ಎರಡು ಸಲ ಓದಿದ್ದರೆ ಎರಡೂ ಅಂಕಗಳು ಲೆಕ್ಕಕ್ಕೆ ಸೇರುತ್ತವೆ. ಹಳೆಯದನ್ನು ಹೊಸದರಿಂದ ಅಳಿಸಿಹಾಕುವ ಅನುಕೂಲ ಹಿಂದೆ ಡಿಓ (ಆಸ್ಟಿಯೋಪಥಿ ಪರಂಪರೆಯ ವೈದ್ಯ ಪದವಿ) ಶಾಲೆಗಳ ಅರ್ಜಿಯಲ್ಲಿ ಇತ್ತು. 2017ರಲ್ಲಿ ಅದನ್ನೂ ನಿಲ್ಲಿಸಿದರು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ ಈ ನಾಲ್ಕನ್ನು ಸೇರಿಸಿ ಒಂದು ಪ್ರತ್ಯೇಕ ವಿಜ್ಞಾನ ಜಿಪಿಎ ಕೂಡ ಹೊರಬರುತ್ತದೆ.

ನಿಮ್ಮ ಮಗಳ ಅಂಕಗಳನ್ನೇ ಇಟ್ಟುಕೊಂಡು ನೋಡಿ. 120 ಕ್ರೆಡಿಟ್‌ಗಳಿಗೆ 3.0 ಎಂದರೆ 360 ಅಂಶಗಳು. ಇನ್ನು 32 ಕ್ರೆಡಿಟ್‌ಗಳನ್ನು ಪದವಿ ಮಟ್ಟದಲ್ಲಿ ಓದಿ ಎಲ್ಲದರಲ್ಲೂ ಎ ಪಡೆದರೆ 128 ಅಂಶಗಳು ಸೇರಿ 488 ಆಗುತ್ತವೆ; ಅದನ್ನು 152ರಿಂದ ಭಾಗಿಸಿದರೆ 3.21. ಒಂದು ವರ್ಷಕ್ಕೂ ಹೆಚ್ಚಿನ ಶ್ರಮಕ್ಕೆ ಇಷ್ಟೇ ಏರಿಕೆಯೇ ಎಂದು ಬೇಸರವಾಗಬಹುದು. ಹಂಡೆ ತುಂಬ ತಣ್ಣೀರಿಗೆ ಒಂದು ಚೊಂಬು ಬಿಸಿನೀರು ಸುರಿದಂತೆ, ಒಟ್ಟು ಜಿಪಿಎ ನಿಧಾನವಾಗಿಯೇ ಬದಲಾಗುತ್ತದೆ. ಆದರೆ ಅದೇ 32 ಕ್ರೆಡಿಟ್‌ಗಳು ವಿಜ್ಞಾನದವೇ ಆಗಿದ್ದರೆ, 60 ಕ್ರೆಡಿಟ್‌ಗಳ 2.8 ಎನ್ನುವುದು 92 ಕ್ರೆಡಿಟ್‌ಗಳಿಗೆ 3.22 ಆಗುತ್ತದೆ. ಅದೇ ಓದು, ಅದೇ ಅಂಕ, ಆದರೆ ವಿಜ್ಞಾನದ ಸಾಲಿನಲ್ಲಿ ಎರಡು ಪಟ್ಟು ಏರಿಕೆ.

ಅದಕ್ಕಿಂತ ಮುಖ್ಯವಾದದ್ದು ಸಮಿತಿಯವರು ಓದುವ ರೀತಿ. ಆಮ್‌ಕಾಸ್‌ನ ಹಾಳೆಯಲ್ಲಿ ಒಂದೇ ಒಂದು ಸಂಖ್ಯೆ ಇರುವುದಿಲ್ಲ. ಮೊದಲ ವರ್ಷ, ಎರಡನೆಯ ವರ್ಷ, ಮೂರನೆಯ ವರ್ಷ, ನಾಲ್ಕನೆಯ ವರ್ಷ, ಪದವಿಯ ನಂತರದ ಪೋಸ್ಟ್‌ಬ್ಯಾಕ್ ಎಂದು ಸಾಲು ಸಾಲಾಗಿ ಜಿಪಿಎ ಮುದ್ರಿತವಾಗಿರುತ್ತದೆ. 2.6ರಿಂದ ಶುರುವಾಗಿ 3.3, 3.5 ಆಗಿ, ಕೊನೆಯ ಸಾಲಿನಲ್ಲಿ 4.0 ಇರುವ ಹಾಳೆಯನ್ನೂ, ನಾಲ್ಕು ವರ್ಷವೂ 3.2ರಲ್ಲೇ ಇರುವ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ನಾನು ಮೊದಲನೆಯದನ್ನು ಎತ್ತಿಕೊಂಡಿದ್ದೇನೆ; ನನ್ನ ಜೊತೆಗಿದ್ದವರಲ್ಲಿ ಹೆಚ್ಚಿನವರೂ ಹಾಗೆಯೇ ಮಾಡುತ್ತಿದ್ದರು. ವೈದ್ಯಕೀಯ ಶಾಲೆಯ ಮೊದಲ ಎರಡು ವರ್ಷದ ಓದಿನ ಹೊರೆಯನ್ನು ಈ ಹುಡುಗಿ ಇಂದು ಹೊರಬಲ್ಲಳೇ ಎಂಬುದೊಂದೇ ಅಲ್ಲಿ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಈಚಿನ ಅಂಕಗಳಲ್ಲಿ.

ಆದರೆ ಒಂದು ಎಚ್ಚರಿಕೆ. ಪೋಸ್ಟ್‌ಬ್ಯಾಕ್‌ನಲ್ಲಿ ಅರ್ಧ ಎ, ಅರ್ಧ ಬಿ ಬಂದರೆ ಹಾಳೆಯ ಕಥೆ ಬದಲಾಗುವುದಿಲ್ಲ, ಖರ್ಚು ಮಾತ್ರ ಬೆಳೆಯುತ್ತದೆ. ಹಾಗಾಗಿ ಕೋರ್ಸಿಗೆ ಹೆಸರು ಬರೆಸುವ ಮೊದಲು, ಮೊದಲೆರಡು ವರ್ಷ ಅಂಕ ಬಿದ್ದದ್ದು ಯಾಕೆ ಎಂದು ಅವಳು ತಾನೇ ಸ್ಪಷ್ಟವಾಗಿ ಹೇಳಬಲ್ಲವಳಾಗಿರಬೇಕು. ಹೊರೆ ಹೆಚ್ಚಾಯಿತೇ, ಓದುವ ವಿಧಾನ ಸರಿಯಿರಲಿಲ್ಲವೇ, ಆರೋಗ್ಯದ ತೊಂದರೆಯೇ, ಇಷ್ಟವಿಲ್ಲದ ವಿಭಾಗವೇ? ಕಾರಣ ಇನ್ನೂ ಹಾಗೆಯೇ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಲಿ.

ಕಪಿಲಾ, ಟೆಕ್ಸಸ್

ಟೆಕ್ಸಸ್‌ನಲ್ಲಿರುವವರಿಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ಸಾರ್ವಜನಿಕ ವೈದ್ಯಕೀಯ ಶಾಲೆಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಬೇರೆಯೇ ಅರ್ಜಿ ವ್ಯವಸ್ಥೆ ಇದೆ, ಮತ್ತು ಶೇ. 90ರಷ್ಟು ಸೀಟುಗಳು ರಾಜ್ಯದ ನಿವಾಸಿಗಳಿಗೇ ಮೀಸಲು. ಇದಲ್ಲದೆ ‘ಅಕಾಡೆಮಿಕ್ ಫ್ರೆಶ್ ಸ್ಟಾರ್ಟ್’ ಎಂಬ ರಾಜ್ಯ ಕಾನೂನಿನಡಿ, ಹತ್ತು ವರ್ಷಕ್ಕಿಂತ ಹಳೆಯ ಕೋರ್ಸುಗಳನ್ನು ಒಟ್ಟಾಗಿ ಕೈಬಿಟ್ಟು ಮತ್ತೆ ಮೊದಲಿನಿಂದ ಓದುವ ಅವಕಾಶ ನಿವಾಸಿಗಳಿಗೆ ಉಂಟು. ಹಾಗೆ ಬಿಟ್ಟರೆ ಅದರಲ್ಲಿನ ಒಳ್ಳೆಯ ಅಂಕಗಳೂ ಹೋಗುತ್ತವೆ. ಈ ಮಗುವಿಗೆ ಇದು ಅನ್ವಯಿಸುವುದಿಲ್ಲ, ಆದರೆ ಮೂವತ್ತು ದಾಟಿದ ಮೇಲೆ ವೈದ್ಯಕೀಯಕ್ಕೆ ಬರಲು ಬಯಸುವ ನಮ್ಮವರು ಕೆಲವರಿದ್ದಾರೆ, ಅವರಿಗೆ ತಿಳಿದಿರಲಿ.

ಪಂಚಗಂಗಾವಳಿ, ಓಹಾಯೊ

ಆಂಟಿ, ನಮಸ್ಕಾರ. ನಾನು ಈಗ ಒಂದು ಡಿಓ ಶಾಲೆಯಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ. ಪದವಿ ಮುಗಿಸಿದಾಗ ನನ್ನ ಜಿಪಿಎ ನಿಮ್ಮ ಮಗಳದ್ದಕ್ಕಿಂತ ಕಡಿಮೆಯಿತ್ತು. ಅಪ್ಪನ ಅಂಗಡಿಯಲ್ಲಿ ರಾತ್ರಿ ಪಾಳಿ ನೋಡಿಕೊಳ್ಳುತ್ತಾ ಓದಿದ್ದೆ. ನಾನು ಯಾವ ಹೆಸರುವಾಸಿ ಪೋಸ್ಟ್‌ಬ್ಯಾಕ್ ಕಾರ್ಯಕ್ರಮಕ್ಕೂ ಸೇರಲಿಲ್ಲ. ಮನೆಯ ಹತ್ತಿರದ ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಅಲ್ಲದೆ ಬಿಡಿ ಕೋರ್ಸುಗಳನ್ನಷ್ಟೇ ಓದುವ ವಿದ್ಯಾರ್ಥಿಯಾಗಿ ಹೆಸರು ಬರೆಸಿ, ಬಯೋಕೆಮಿಸ್ಟ್ರಿ, ಶರೀರಕ್ರಿಯಾಶಾಸ್ತ್ರ, ಕೋಶ ಜೀವಶಾಸ್ತ್ರ, ರೋಗನಿರೋಧಶಾಸ್ತ್ರ ಹೀಗೆ ಮೇಲಿನ ಹಂತದ ಕೋರ್ಸುಗಳನ್ನು ಒಂದೊಂದಾಗಿ ತೆಗೆದುಕೊಂಡೆ. ಮೊದಲ ಸೆಮಿಸ್ಟರಿನಲ್ಲಿ ಎರಡೇ ಕೋರ್ಸು. ಅವುಗಳಲ್ಲಿ ಎ ಬಂದ ಮೇಲೆ ಮೂರು, ಆಮೇಲೆ ನಾಲ್ಕು. ಕೊನೆಗೆ ಪೂರ್ಣ ಹೊರೆಯಲ್ಲೂ ಎ ಉಳಿಸಿಕೊಳ್ಳಬಲ್ಲೆ ಎಂದು ತೋರಿಸುವುದು ಮುಖ್ಯ, ಏಕೆಂದರೆ ಸೆಮಿಸ್ಟರಿಗೆ ಒಂದೇ ಕೋರ್ಸು ಓದಿ ಪಡೆದ ಎ ಯಾರನ್ನೂ ಒಪ್ಪಿಸುವುದಿಲ್ಲ.

ಆ ಸಿ ಮೈನಸ್ ಬಗ್ಗೆ: ಹೆಚ್ಚಿನ ಶಾಲೆಗಳು ಕಡ್ಡಾಯ ಕೋರ್ಸುಗಳಲ್ಲಿ ಕನಿಷ್ಠ ಸಿ ಕೇಳುತ್ತವೆ, ಆದ್ದರಿಂದ ಆರ್ಗ್ಯಾನಿಕ್ ಎರಡನೆಯ ಭಾಗವನ್ನು ಅವಳು ಮತ್ತೆ ಓದಲೇಬೇಕಾಗಬಹುದು. ಭೌತಶಾಸ್ತ್ರದ ಸಿ ಹಾಗೆಯೇ ಇರಲಿ. ಅದನ್ನು ಮತ್ತೆ ಓದುವ ಸಮಯದಲ್ಲಿ ಇನ್ನೊಂದು ಹೊಸ ಕಷ್ಟದ ಕೋರ್ಸಿನಲ್ಲಿ ಎ ತರುವುದು ಹೆಚ್ಚು ಬೆಲೆಯುಳ್ಳದ್ದು, ಮತ್ತು ಎಂಕ್ಯಾಟ್‌ನ ಭೌತ ರಾಸಾಯನಿಕ ವಿಭಾಗದ ಅಂಕ ಭೌತಶಾಸ್ತ್ರದ ಪರವಾಗಿ ಮಾತನಾಡುತ್ತದೆ.

ಡಿಓ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ಅನುಮಾನಕ್ಕೂ ಉತ್ತರ ಹೇಳಬೇಕು. ಆ್ಯಂಡ್ರೂ ಟೇಲರ್ ಸ್ಟಿಲ್ ಎಂಬ ವೈದ್ಯರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಇದರ ಮೊದಲ ಶಾಲೆ ತೆರೆದರು. ಇಂದು ಐವತ್ತೂ ರಾಜ್ಯಗಳಲ್ಲಿ ಡಿಓ ವೈದ್ಯರಿಗೆ ಎಂಡಿ ವೈದ್ಯರಷ್ಟೇ ಪೂರ್ಣ ಅಧಿಕಾರವಿದೆ: ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಎಲ್ಲವೂ. ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ಈಗ ಡಿಓ ಶಾಲೆಗಳಲ್ಲಿದ್ದಾರೆ. 2020ರಿಂದ ರೆಸಿಡೆನ್ಸಿ ತರಬೇತಿಗೆ (ವೈದ್ಯ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತರಬೇತಿ) ಎರಡಕ್ಕೂ ಒಂದೇ ಮಾನ್ಯತೆ ವ್ಯವಸ್ಥೆ ಬಂದಿದೆ, ಮತ್ತು ಆ ತರಬೇತಿಯ ಸ್ಥಾನಗಳನ್ನು ಹಂಚುವ 2024ರ ಮ್ಯಾಚ್‌ನಲ್ಲಿ ಕೊನೆಯ ವರ್ಷದ ಎಂಡಿ ವಿದ್ಯಾರ್ಥಿಗಳಲ್ಲಿ ಶೇ. 93ಕ್ಕೂ, ಡಿಓ ವಿದ್ಯಾರ್ಥಿಗಳಲ್ಲಿ ಶೇ. 92ಕ್ಕೂ ಹೆಚ್ಚು ಮಂದಿಗೆ ಸ್ಥಾನ ಸಿಕ್ಕಿತು. ಚರ್ಮರೋಗ, ನರಶಸ್ತ್ರಚಿಕಿತ್ಸೆಯಂತಹ ಪೈಪೋಟಿಯ ವಿಭಾಗಗಳಲ್ಲಿ ಡಿಓಗಳಿಗೆ ದಾರಿ ಇನ್ನೂ ಕಡಿದಾಗಿದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಸೇರುವವರ ಸರಾಸರಿ ಜಿಪಿಎ 3.6ರ ಸುತ್ತ, ಎಂಕ್ಯಾಟ್ 504ರ ಸುತ್ತ ಇರುತ್ತದೆ. ನೀವು ನ್ಯೂ ಜೆರ್ಸಿಯವರು. ನಿಮ್ಮ ರೋವನ್ ವಿಶ್ವವಿದ್ಯಾಲಯದಲ್ಲಿ ಎಂಡಿ ಶಾಲೆಯೂ ಇದೆ, ಡಿಓ ಶಾಲೆಯೂ ಇದೆ. ಹೀಗೆ ಎರಡನ್ನೂ ಹೊಂದಿರುವ ವಿಶ್ವವಿದ್ಯಾಲಯಗಳು ದೇಶದಲ್ಲಿ ಕೆಲವೇ. ಒಬ್ಬ ಡಿಓ ವೈದ್ಯರ ಜೊತೆ ಕೆಲವು ದಿನ ಇದ್ದು ಅವರ ಕೆಲಸವನ್ನು ನೋಡಿ, ಸಾಧ್ಯವಾದರೆ ಅವರಿಂದಲೇ ಶಿಫಾರಸು ಪತ್ರ ಪಡೆದುಕೊಳ್ಳಲು ಅವಳಿಗೆ ಹೇಳಿ.

ಇನ್ನೊಂದು ವಿಷಯ ಅನುಭವದ್ದು. ವಾರಕ್ಕೊಂದು ದಿನದ ಸ್ವಯಂಸೇವೆ ಒಳ್ಳೆಯದೇ, ಆದರೆ ಅಂಕ ಕಡಿಮೆ ಇರುವವರಿಗೆ ಅಷ್ಟು ಸಾಲದು. ನಾನು ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಪಡೆದು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಂಬಳಕ್ಕೆ ಕೆಲಸ ಮಾಡಿದೆ. ತಾವಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಸೊಂಟದ ಮೂಳೆಯ ಮೇಲೆ ಹುಣ್ಣಾಗುತ್ತದೆ. ಹೊರಳಿಸುವಾಗ ಹಿಮ್ಮಡಿ, ಬೆನ್ನಿನ ಕೆಳಭಾಗ, ಮೊಣಕೈಗಳಲ್ಲಿ ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಆ ಕೆಂಪು ಮಾಯವಾಗದಿದ್ದರೆ ಆ ಕ್ಷಣವೇ ನರ್ಸ್‌ಗೆ ತಿಳಿಸಬೇಕು. ಗಾಢ ಬಣ್ಣದ ಚರ್ಮದಲ್ಲಿ ಆ ಕೆಂಪು ಕಣ್ಣಿಗೆ ಕಾಣುವುದಿಲ್ಲ, ಮುಟ್ಟಿ ಬಿಸಿಯನ್ನೂ ಗಡಸನ್ನೂ ಗುರುತಿಸಬೇಕು ಎಂದು ನನಗೆ ಹೇಳಿಕೊಟ್ಟದ್ದು ಬಹಳ ವರ್ಷದ ಅನುಭವವಿದ್ದ ಒಬ್ಬ ಸಹಾಯಕಿ. ಸಂದರ್ಶನದಲ್ಲಿ ನನ್ನ ಜಿಪಿಎ ಬಗ್ಗೆ ಕೇಳಿದ್ದಕ್ಕಿಂತ ಹೆಚ್ಚಾಗಿ ಈ ಕೆಲಸದ ಬಗ್ಗೆಯೇ ಕೇಳಿದರು. ತುರ್ತುಚಿಕಿತ್ಸಾ ವಿಭಾಗದಲ್ಲಿ ವೈದ್ಯರ ಟಿಪ್ಪಣಿ ಬರೆಯುವ ಸ್ಕ್ರೈಬ್, ಆಂಬ್ಯುಲೆನ್ಸ್‌ನ ಇಎಂಟಿ (ತುರ್ತುಚಿಕಿತ್ಸಾ ಸಹಾಯಕ), ಇವೂ ಅಷ್ಟೇ ಒಳ್ಳೆಯ ದಾರಿಗಳು.

ಶಾಲ್ಮಲಾ, ಮ್ಯಾಸಚೂಸೆಟ್ಸ್

ಪಂಚಗಂಗಾವಳಿ ಅವರ ಮಾತುಗಳನ್ನು ಒಪ್ಪುತ್ತಲೇ ಒಂದು ಭಿನ್ನ ಅಭಿಪ್ರಾಯವನ್ನು ದಾಖಲಿಸುತ್ತೇನೆ. ನನ್ನ ತಮ್ಮ ಸ್ಪೆಷಲ್ ಮಾಸ್ಟರ್ಸ್ ಕಾರ್ಯಕ್ರಮದ ಮೂಲಕ ಎಂಡಿ ಶಾಲೆಗೆ ಸೇರಿದವನು. ಜಾರ್ಜ್‌ಟೌನ್, ಬಾಸ್ಟನ್ ವಿಶ್ವವಿದ್ಯಾಲಯ, ಟಫ್ಟ್ಸ್, ಸಿನ್ಸಿನಾಟಿ ಮೊದಲಾದ ಕಡೆ ಇಂತಹ ಒಂದು ಅಥವಾ ಎರಡು ವರ್ಷದ ಕಾರ್ಯಕ್ರಮಗಳಿವೆ. ಇವುಗಳಲ್ಲಿ ಕೆಲವು ಕಡೆ ವೈದ್ಯಕೀಯ ಶಾಲೆಯ ಮೊದಲ ವರ್ಷದವರು ಓದುವ ಪಾಠಗಳನ್ನೇ ಓದಿಸಿ, ಅವರ ಜೊತೆಗೇ ಅಳೆಯುತ್ತಾರೆ. ಅಲ್ಲಿ ಚೆನ್ನಾಗಿ ಮಾಡಿದವರ ಬಗ್ಗೆ ‘ಈತ ನಮ್ಮ ಪಾಠವನ್ನು ನಿಭಾಯಿಸಬಲ್ಲ’ ಎಂದು ಆ ಶಾಲೆಗೇ ಗೊತ್ತಿರುತ್ತದೆ. ಕೆಲವು ಕಾರ್ಯಕ್ರಮಗಳು ನಿಗದಿತ ಅಂಕ ಪಡೆದವರಿಗೆ ತಮ್ಮದೇ ವೈದ್ಯಕೀಯ ಶಾಲೆಯಲ್ಲಿ ಸಂದರ್ಶನದ ಭರವಸೆಯನ್ನೂ ನೀಡುತ್ತವೆ. ಎಂಡಿಯೇ ಬೇಕೆನ್ನುವವರಿಗೆ ಇಷ್ಟು ಬಲವಾದ ಸಾಕ್ಷ್ಯ ಬಿಡಿ ಬಿಡಿ ಕೋರ್ಸುಗಳಿಂದ ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ಭದ್ರೆಯ ಮಗಳು, ಮಿಷಿಗನ್

ಶಾಲ್ಮಲಾ ಅವರೇ, ನೀವು ಹೇಳಿದ್ದು ಸರಿ, ಆದರೆ ಸರದಿಯ ಪ್ರಶ್ನೆ ಇದೆ. ಮಾಸ್ಟರ್ಸ್ ಅಂಕಗಳನ್ನು ಆಮ್‌ಕಾಸ್ ಬೇರೆ ಸಾಲಿನಲ್ಲಿ ಇಡುತ್ತದೆ. ಪದವಿಯ ಜಿಪಿಎಗೆ ಅವು ಸೇರುವುದೇ ಇಲ್ಲ. ಅರ್ಜಿಗಳನ್ನು ಮೊದಲು ಒಂದು ಸಂಖ್ಯೆಯಿಂದ ಸೋಸುವ ಶಾಲೆಗಳಲ್ಲಿ 2.8ರ ವಿಜ್ಞಾನ ಜಿಪಿಎ ಇರುವ ಅರ್ಜಿ, ಮಾಸ್ಟರ್ಸ್‌ನಲ್ಲಿ 3.9 ಇದ್ದರೂ, ಮನುಷ್ಯರ ಕಣ್ಣಿಗೆ ಬೀಳದೆ ಹೋಗುವ ಅಪಾಯವಿದೆ. ಆದ್ದರಿಂದ 3.0ರ ಆಸುಪಾಸಿನಲ್ಲಿರುವವರು ಮೊದಲು ಪದವಿ ಮಟ್ಟದ ಪೋಸ್ಟ್‌ಬ್ಯಾಕ್ ಮಾಡಲಿ, ಅದರ ನಂತರವೂ ಬಲ ಸಾಲದಿದ್ದರೆ ಮಾತ್ರ ಸ್ಪೆಷಲ್ ಮಾಸ್ಟರ್ಸ್ ಕಡೆ ನೋಡಲಿ ಎಂದು ನಾನು ಹೇಳುತ್ತೇನೆ. ಅಲ್ಲಿ ಸಾಧಾರಣ ಅಂಕ ಬಂದರೆ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಅದು ಕೊನೆಯ ಅಸ್ತ್ರ.

ಹಣದ ವಿಷಯವೂ ಈಗ ಬದಲಾಗಿದೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸ ವಿದ್ಯಾರ್ಥಿಗಳಿಗೆ, ಪದವಿಯ ನಂತರದ ಓದಿಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ. ಸಾಮಾನ್ಯ ಮಾಸ್ಟರ್ಸ್‌ಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್‌ಗೆ, ವೈದ್ಯಕೀಯದಂತಹ ವೃತ್ತಿಶಿಕ್ಷಣಕ್ಕೆ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್‌ಗೆ ಸೀಮಿತ. ಸ್ಪೆಷಲ್ ಮಾಸ್ಟರ್ಸ್‌ನ ಒಂದು ವರ್ಷದ ಬೋಧನಾ ಶುಲ್ಕ, ಊಟ ವಸತಿ ಸೇರಿದರೆ ಈ ಮಿತಿಯನ್ನು ಬಹಳ ದಾಟುತ್ತದೆ. ಉಳಿದದ್ದನ್ನು ತಂದೆತಾಯಿಯರೇ ಭರಿಸಬೇಕು ಅಥವಾ ಖಾಸಗಿ ಸಾಲ ತೆಗೆಯಬೇಕು. ಮನೆಯಲ್ಲಿ ಈ ಮಾತನ್ನು ಮೊದಲೇ ಆಡಿ ಮುಗಿಸಿ.

ಗಾಂಧಿ ಬಜಾರ್, ಬೆಂಗಳೂರು

ಹಿರಿಯರು ಹೇಳಿದ ಎನ್‌ಆರ್‌ಐ ಕೋಟಾ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ. ಇಲ್ಲಿ ಪದವಿಯ ಜಿಪಿಎಯನ್ನು ಯಾರೂ ಕೇಳುವುದಿಲ್ಲ ಎಂಬುದು ನಿಜ. ಆದರೆ ನೀಟ್ ಎಲ್ಲರಿಗೂ ಕಡ್ಡಾಯ. ಖಾಸಗಿ ಕಾಲೇಜಿನ ಎನ್‌ಆರ್‌ಐ ಸೀಟಿಗೂ ಅದರಲ್ಲಿ ಅರ್ಹತೆ ಪಡೆಯಲೇಬೇಕು. 2021ರ ಮಾರ್ಚ್ ಅಧಿಸೂಚನೆಯ ನಂತರ ಓಸಿಐ ಕಾರ್ಡ್ (ವಿದೇಶಿ ಪೌರತ್ವವಿರುವ ಭಾರತ ಮೂಲದವರಿಗೆ ಕೊಡುವುದು) ಪಡೆದ ಮಕ್ಕಳನ್ನು ಪ್ರವೇಶದ ಮಟ್ಟಿಗೆ ಎನ್‌ಆರ್‌ಐಗಳ ಜೊತೆ ಸೇರಿಸಿದ್ದಾರೆ. ಕರ್ನಾಟಕದ ಖಾಸಗಿ ಕಾಲೇಜುಗಳಲ್ಲಿ ಶೇ. 15ರಷ್ಟು ಸೀಟುಗಳು ಎನ್‌ಆರ್‌ಐಗಳಿಗೆ ಇವೆ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಎನ್‌ಆರ್‌ಐ ಸೀಟಿನ ಶುಲ್ಕ ಬಹಳ ದುಬಾರಿ.

ಮತ್ತೆ ಅಮೆರಿಕಕ್ಕೇ ಮರಳುವುದಾದರೆ ಆಕೆ ವಿದೇಶಿ ವೈದ್ಯಕೀಯ ಪದವೀಧರೆಯಾಗಿ, ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು, ವಿದೇಶದಲ್ಲಿ ಓದಿದವರಿಗೆ ಬೇಕಾದ ಇಸಿಎಫ್‌ಎಂಜಿ ಪ್ರಮಾಣಪತ್ರ ಪಡೆದು ರೆಸಿಡೆನ್ಸಿಗೆ ಸ್ಪರ್ಧಿಸಬೇಕು. ಭಾರತದಲ್ಲೇ ಉಳಿದು ವೃತ್ತಿ ಮಾಡುವ ಮನಸ್ಸು, ಇಲ್ಲಿನ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕನ್ನಡದಲ್ಲಿ ಮಾತನಾಡುವ ಶಕ್ತಿ ಇದ್ದರೆ ಇದು ಗೌರವದ ದಾರಿ. ಅಮೆರಿಕಕ್ಕೆ ಹಿಂತಿರುಗಲು ಅಡ್ಡದಾರಿ ಎಂದು ಮಾತ್ರ ಇದನ್ನು ಆರಿಸಬೇಡಿ.

ಭದ್ರೆಯ ಮಗಳು, ಮಿಷಿಗನ್

ಗಾಂಧಿ ಬಜಾರ್ ಅವರ ಮಾತಿಗೆ ಒಂದು ಸಂಖ್ಯೆ ಸೇರಿಸುತ್ತೇನೆ, ಅದು ಕೆರಿಬಿಯನ್ ಕಾಲೇಜುಗಳಿಗೂ ಅನ್ವಯಿಸುತ್ತದೆ. 2024ರ ಮ್ಯಾಚ್‌ನಲ್ಲಿ, ವಿದೇಶದಲ್ಲಿ ವೈದ್ಯಕೀಯ ಓದಿದ ಅಮೆರಿಕನ್ ಪ್ರಜೆಗಳಲ್ಲಿ ಸ್ಥಾನ ಸಿಕ್ಕಿದ್ದು ಸುಮಾರು ಶೇ. 67 ಮಂದಿಗೆ. ಕೆರಿಬಿಯನ್ ಕಾಲೇಜಿನಿಂದ ಬಂದ ಅತ್ಯುತ್ತಮ ವೈದ್ಯರ ಜೊತೆ ನಾನು ಕೆಲಸ ಮಾಡಿದ್ದೇನೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಪ್ರವೇಶ ಸುಲಭ, ಉಳಿದುಕೊಳ್ಳುವುದು ಕಷ್ಟ. ಕಾಲೇಜಿನವರು ತೋರಿಸುವ ಮ್ಯಾಚ್ ಶೇಕಡಾವಾರು, ಕೊನೆಯವರೆಗೆ ಉಳಿದವರದ್ದು ಮಾತ್ರ. ಮೊದಲ ದಿನ ತರಗತಿಯಲ್ಲಿ ಕುಳಿತ ನೂರು ಮಂದಿಯಲ್ಲಿ ಎಷ್ಟು ಮಂದಿ ನಾಲ್ಕು ವರ್ಷದಲ್ಲಿ ಪದವಿ ಪಡೆದರು ಎಂಬುದನ್ನು ಕೇಳಿ. ಓದುವ ಕ್ರಮ ಇನ್ನೂ ಗಟ್ಟಿಯಾಗದ ವಿದ್ಯಾರ್ಥಿಗೆ ಅದು ಅತ್ಯಂತ ದುಬಾರಿಯಾದ ಪರೀಕ್ಷಾಸ್ಥಳ. ಇಲ್ಲಿನ ಎಂಡಿ, ಡಿಓ ಎರಡೂ ಬಾಗಿಲುಗಳನ್ನು ಸರಿಯಾಗಿ ತಟ್ಟಿದ ನಂತರ ಯೋಚಿಸಬೇಕಾದದ್ದು ಅದು.

ನೇತ್ರಾವತಿ, ಕ್ಯಾಲಿಫೋರ್ನಿಯಾ

ಸ್ವಲ್ಪ ಪಕ್ಕದ ಪ್ರಶ್ನೆ. ನಮ್ಮ ಮಗ ಎಚ್-4 (ತಂದೆತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ) ವೀಸಾದಲ್ಲಿದ್ದಾನೆ, ಗ್ರೀನ್ ಕಾರ್ಡ್ ಸರದಿ ಇನ್ನೂ ದೂರವಿದೆ. ಅವನಿಗೂ 3.1 ಜಿಪಿಎ. ಇದೇ ಸಲಹೆ ಅವನಿಗೆ ಅನ್ವಯಿಸುತ್ತದೆಯೇ?

ಭದ್ರೆಯ ಮಗಳು, ಮಿಷಿಗನ್

ನೇತ್ರಾವತಿ ಅವರೇ, ನಿಮ್ಮ ಸ್ಥಿತಿ ಇದಕ್ಕಿಂತ ಕಠಿಣ. 21 ತುಂಬಿದ ಮೇಲೆ ಅವನು ಎಚ್-4ನಲ್ಲಿ ಉಳಿಯುವಂತಿಲ್ಲ. ಸಾಮಾನ್ಯವಾಗಿ ವಿದ್ಯಾರ್ಥಿ ವೀಸಾವಾದ ಎಫ್-1ಕ್ಕೆ ಬದಲಾಗಬೇಕಾಗುತ್ತದೆ. ಅಮೆರಿಕದ ಪ್ರಜೆಯೋ ಖಾಯಂ ನಿವಾಸಿಯೋ ಅಲ್ಲದವರನ್ನು ಬಹಳಷ್ಟು ವೈದ್ಯಕೀಯ ಶಾಲೆಗಳು ಪರಿಗಣಿಸುವುದೇ ಇಲ್ಲ. ಪರಿಗಣಿಸುವ ಕೆಲವು ಶಾಲೆಗಳು ಒಂದು ಅಥವಾ ಹೆಚ್ಚು ವರ್ಷದ ಪೂರ್ತಿ ಶುಲ್ಕವನ್ನು ಮುಂಗಡವಾಗಿ ತೋರಿಸಲು ಕೇಳುತ್ತವೆ, ಏಕೆಂದರೆ ಫೆಡರಲ್ ಸಾಲ ಸಿಗುವುದಿಲ್ಲ. ಎಂಡಿ ಶಾಲೆಗಳ ನಿಯಮಗಳು ಎಂಎಸ್‌ಎಆರ್ ಎಂಬ ಮಾಹಿತಿಕೋಶದಲ್ಲಿ ಶಾಲೆವಾರಾಗಿ ಇವೆ. ಮೊದಲು ಆ ಪಟ್ಟಿ ಮಾಡಿಕೊಳ್ಳಿ. ವೀಸಾದ ವಿಷಯಕ್ಕೆ ವಕೀಲರನ್ನೇ ಕಾಣಿ.

ಹೇಮಾವತಿ ತೀರ, ನ್ಯೂ ಜೆರ್ಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇದನ್ನೆಲ್ಲ ನಾನು ಮಗಳಿಗೂ ಯಜಮಾನರಿಗೂ ಓದಿ ಹೇಳಿದೆ. ಅವರೀಗ ಜೂನ್ ಬೇಡ ಎಂಬುದನ್ನು ಒಪ್ಪಿದ್ದಾರೆ. ಮಗಳ ಪ್ರಶ್ನೆಗಳು ಮೂರು. ಎಂಕ್ಯಾಟ್ ಯಾವಾಗ ಬರೆಯಬೇಕು, ಎಷ್ಟು ಅಂಕ ಬೇಕು? ಕಡಿಮೆ ಅಂಕದ ಬಗ್ಗೆ ಅರ್ಜಿಯ ಪ್ರಬಂಧದಲ್ಲಿ ಬರೆಯಬೇಕೇ, ಬೇಡವೇ? ಹೈಸ್ಕೂಲಿನಲ್ಲಿದ್ದಾಗ ಹತ್ತಿರದ ಸಮುದಾಯ ಕಾಲೇಜಿನಲ್ಲಿ ಗಣಿತದ ಒಂದು ಕೋರ್ಸು ಓದಿ ಬಿ ಪಡೆದಿದ್ದಳು, ಅದನ್ನೂ ತೋರಿಸಬೇಕೇ?

ಭದ್ರೆಯ ಮಗಳು, ಮಿಷಿಗನ್

ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಹೌದು, ತೋರಿಸಲೇಬೇಕು. ಹೈಸ್ಕೂಲಿನಲ್ಲಿದ್ದಾಗ ಪಡೆದ ಕಾಲೇಜು ಕ್ರೆಡಿಟ್‌, ಅರ್ಧಕ್ಕೆ ಬಿಟ್ಟ ಕೋರ್ಸು, ಬೇಸಿಗೆಯ ಕೋರ್ಸು ಎಲ್ಲದರ ಅಂಕಪಟ್ಟಿಯನ್ನೂ ಆಮ್‌ಕಾಸ್ ಕೇಳುತ್ತದೆ. ಒಂದನ್ನು ಬಿಟ್ಟದ್ದು ಗೊತ್ತಾದರೆ ಅಂಕಕ್ಕಿಂತ ದೊಡ್ಡ ತೊಂದರೆಯಾಗುತ್ತದೆ.

ಎಂಕ್ಯಾಟ್‌ನಲ್ಲಿ ನಾಲ್ಕು ವಿಭಾಗಗಳು; ಪ್ರತಿಯೊಂದಕ್ಕೂ 118ರಿಂದ 132, ಒಟ್ಟು 472ರಿಂದ 528. ಪರೀಕ್ಷಾ ಕೇಂದ್ರದಲ್ಲಿ ವಿರಾಮ ಸೇರಿ ಸುಮಾರು ಏಳೂವರೆ ಗಂಟೆ ಕೂರಬೇಕು. ಒಂದು ವರ್ಷದಲ್ಲಿ ಮೂರು, ಎರಡು ವರ್ಷದಲ್ಲಿ ನಾಲ್ಕು, ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು, ಮತ್ತು ಬರೆದ ಪ್ರತಿಯೊಂದು ಅಂಕವೂ ಶಾಲೆಗಳಿಗೆ ಕಾಣುತ್ತದೆ. ‘ಒಮ್ಮೆ ನೋಡಿ ಬರೋಣ’ ಎಂದು ಬರೆಯುವ ಪರೀಕ್ಷೆ ಇದಲ್ಲ. ಜಿಪಿಎ ಕಡಿಮೆ ಇರುವವರು ಎಂಡಿ ಶಾಲೆಗೆ ಸರಾಸರಿಗಿಂತ ಮೇಲೆ, ಅಂದರೆ 514, 515ರ ಕಡೆ ಗುರಿಯಿಡಬೇಕು. ಡಿಓಗೆ 506ರಿಂದ ಮೇಲೆ ಇದ್ದರೆ ನೆಮ್ಮದಿ. ಒಟ್ಟು ಅಂಕ ಚೆನ್ನಾಗಿದ್ದು ಒಂದು ವಿಭಾಗ 124ಕ್ಕೆ ಬಿದ್ದರೂ ಕೆಲವು ಶಾಲೆಗಳು ಹಿಂಜರಿಯುತ್ತವೆ. ನಮ್ಮ ಮಕ್ಕಳಲ್ಲಿ ಅನೇಕರು ವಾಚನ ವಿಭಾಗವಾದ ಕಾರ್ಸ್ ಅನ್ನು ಕಡೆಗಣಿಸುತ್ತಾರೆ. ಅದಕ್ಕೆ ಕಂಠಪಾಠದ ಸಿದ್ಧತೆ ಇಲ್ಲ. ದಿನವೂ ಎರಡು ಮೂರು ಭಾಗಗಳನ್ನು ಸಮಯವಿಟ್ಟು ಓದಿ, ಯಾವ ಉತ್ತರ ಯಾಕೆ ತಪ್ಪು ಎಂದು ಬರೆದಿಡುವ ಅಭ್ಯಾಸ ತಿಂಗಳುಗಟ್ಟಲೆ ಬೇಕು. ಪರೀಕ್ಷೆ ನಡೆಸುವ ಎಎಎಂಸಿಯ ಪೂರ್ಣಾವಧಿ ಮಾದರಿ ಪರೀಕ್ಷೆಗಳಲ್ಲಿ ಸತತವಾಗಿ ಗುರಿ ಮುಟ್ಟಿದ ಮೇಲೆಯೇ ನಿಜವಾದ ದಿನಾಂಕಕ್ಕೆ ಹೋಗಲಿ. ಬಯೋಕೆಮಿಸ್ಟ್ರಿ ಓದಿ ಮುಗಿಸಿದ ನಂತರ ಬರೆಯುವುದು ಒಳ್ಳೆಯದು, ಏಕೆಂದರೆ ಎರಡು ವಿಭಾಗಗಳಲ್ಲಿ ಅದರ ಪ್ರಶ್ನೆಗಳಿರುತ್ತವೆ.

ಪ್ರಬಂಧದ ವಿಷಯ. ಆಮ್‌ಕಾಸ್‌ನಲ್ಲಿ ಅದಕ್ಕೆ 5,300 ಅಕ್ಷರಗಳ ಮಿತಿ, ಮತ್ತು ಕೇಳಿರುವುದು ವೈದ್ಯವೃತ್ತಿ ಏಕೆ ಎಂದು. ಅಂಕಗಳ ವಿವರಣೆಗೆ ಅಲ್ಲಿ ಎರಡು ಮೂರು ವಾಕ್ಯ ಸಾಕು, ಕೆಲವೊಮ್ಮೆ ಒಂದೂ ಬೇಡ. ಅನೇಕ ಶಾಲೆಗಳ ಎರಡನೆಯ ಹಂತದ ಪ್ರಶ್ನೆಗಳಲ್ಲಿ ಅದಕ್ಕೆಂದೇ ಜಾಗ ಕೊಟ್ಟಿರುತ್ತಾರೆ. ನಾನು ಓದಿದವುಗಳಲ್ಲಿ ‘ಪ್ರಾಧ್ಯಾಪಕರು ಅನ್ಯಾಯವಾಗಿ ಅಂಕ ಕೊಟ್ಟರು’, ‘ಕಷ್ಟಗಳು ನನ್ನನ್ನು ಗಟ್ಟಿಗೊಳಿಸಿದವು’ ಎಂಬ ವಾಕ್ಯಗಳು ಯಾವ ಸಹಾಯವನ್ನೂ ಮಾಡಲಿಲ್ಲ. ಅದರ ಬದಲು ಹೀಗೆ ಬರೆಯಲಿ: ‘ಮೊದಲ ಎರಡು ವರ್ಷ ನಾನು ನಿಭಾಯಿಸಲಾಗದಷ್ಟು ಕೋರ್ಸುಗಳನ್ನು ತೆಗೆದುಕೊಂಡೆ. ಮೂರನೆಯ ವರ್ಷದಿಂದ ಹೊರೆಯನ್ನು ಇಳಿಸಿ, ಪ್ರತಿ ಪಾಠದ ನಂತರ ನೆನಪಿನಿಂದ ಬರೆದು ಪರೀಕ್ಷಿಸಿಕೊಳ್ಳುವ ಕ್ರಮ ರೂಢಿಸಿಕೊಂಡೆ. ಆ ಕ್ರಮದಲ್ಲಿ ಓದಿದ ಕೋರ್ಸುಗಳ ಅಂಕಗಳು ಅರ್ಜಿಯಲ್ಲಿವೆ.’ ಕಾರಣ, ಬದಲಾವಣೆ, ಸಾಕ್ಷ್ಯ ಇಷ್ಟೇ ಬೇಕಾದದ್ದು. ಈ ವಾಕ್ಯಗಳು ಅವಳ ಮಟ್ಟಿಗೆ ನಿಜವಾಗಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಪಂಚಗಂಗಾವಳಿ, ಓಹಾಯೊ

ಶಿಫಾರಸು ಪತ್ರಗಳನ್ನೂ ಈಗಿನಿಂದಲೇ ಯೋಚಿಸಲಿ. ಸಾಮಾನ್ಯವಾಗಿ ಇಬ್ಬರು ವಿಜ್ಞಾನದ ಅಧ್ಯಾಪಕರಿಂದ ಪತ್ರ ಕೇಳುತ್ತಾರೆ. ಸಿ ಕೊಟ್ಟ ಅಧ್ಯಾಪಕರಿಗಿಂತ, ಪೋಸ್ಟ್‌ಬ್ಯಾಕ್‌ನಲ್ಲಿ ಎ ಕೊಟ್ಟು ಅವಳನ್ನು ಹತ್ತಿರದಿಂದ ಬಲ್ಲವರ ಪತ್ರವೇ ಮೇಲು. ಮೊದಲ ವಾರದಿಂದಲೇ ಅವರು ವಿದ್ಯಾರ್ಥಿಗಳಿಗೆ ಮೀಸಲಿಟ್ಟ ಸಮಯದಲ್ಲಿ ಹೋಗಿ ಮಾತನಾಡಲಿ. ಅರ್ಜಿಯಲ್ಲಿ ಚಟುವಟಿಕೆಗಳಿಗೆ 15 ಜಾಗಗಳಿವೆ, ಒಂದೊಂದಕ್ಕೆ 700 ಅಕ್ಷರ. ಅದಕ್ಕಾಗಿ ಕೆಲಸದ ದಿನಗಳಲ್ಲಿ ಕಂಡದ್ದನ್ನು ಆಗಾಗ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ, ರೋಗಿಗಳ ಹೆಸರಿಲ್ಲದೆ.

ಹೇಮಾವತಿ ತೀರ, ನ್ಯೂ ಜೆರ್ಸಿ

ಹೀಗೆ ನಿರ್ಧರಿಸಿದ್ದೇವೆ. ಈ ಶರತ್ಕಾಲದಲ್ಲಿ ಬಯೋಕೆಮಿಸ್ಟ್ರಿ ಮತ್ತು ಆರ್ಗ್ಯಾನಿಕ್ ಎರಡನೆಯ ಭಾಗ, ಎರಡೇ ಕೋರ್ಸು. ವಸಂತಕಾಲದಲ್ಲಿ ಮೂರು, ಮುಂದಿನ ವರ್ಷ ಪೂರ್ಣ ಹೊರೆ. ವಾರಾಂತ್ಯಕ್ಕೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ. ಎಂಕ್ಯಾಟ್ ಅನ್ನು ಅರ್ಜಿ ಹಾಕುವ ವರ್ಷದ ಆರಂಭಕ್ಕೆ ಇಟ್ಟುಕೊಂಡಿದ್ದೇವೆ. ಎಂಡಿ, ಡಿಓ ಎರಡಕ್ಕೂ ಒಟ್ಟಿಗೇ ಅರ್ಜಿ. ಜನವರಿ ಒಳ್ಳೆಯದೋ, ಏಪ್ರಿಲ್ ಒಳ್ಳೆಯದೋ?

ಭದ್ರೆಯ ಮಗಳು, ಮಿಷಿಗನ್

ಜನವರಿಗೆ ಸಿದ್ಧವಾಗಿದ್ದರೆ ಜನವರಿ. ಅಂಕ ಬರಲು ಸುಮಾರು ಒಂದು ತಿಂಗಳು ಬೇಕು. ಸಾಲದಿದ್ದರೆ ಮತ್ತೆ ಓದಿ ಮೇ ತಿಂಗಳಲ್ಲಿ ಬರೆಯಲು ಸಮಯ ಉಳಿಯುತ್ತದೆ, ಜೂನ್ ಆರಂಭದಲ್ಲಿ ಅರ್ಜಿ ಸಲ್ಲಿಸುವುದಕ್ಕೂ ತೊಂದರೆಯಾಗುವುದಿಲ್ಲ. ಅಂಕಪಟ್ಟಿಗಳ ಪರಿಶೀಲನೆಗೇ ಕೆಲವು ವಾರ ಹಿಡಿಯುವುದರಿಂದ ಮೊದಲ ದಿನಗಳಲ್ಲೇ ಸಲ್ಲಿಸಿ. ಜನವರಿಯಿಂದ ಜೂನ್‌ವರೆಗಿನ ದಿನಾಂಕಗಳ ನೋಂದಣಿ ಸಾಮಾನ್ಯವಾಗಿ ಹಿಂದಿನ ಅಕ್ಟೋಬರ್ ಸುಮಾರಿಗೆ ತೆರೆಯುತ್ತದೆ. ನಿಮ್ಮ ಕಡೆಯಂತಹ ದಟ್ಟ ಪ್ರದೇಶಗಳಲ್ಲಿ ಹತ್ತಿರದ ಕೇಂದ್ರಗಳು ಬೇಗ ತುಂಬುತ್ತವೆ, ಆದ್ದರಿಂದ ನೋಂದಣಿ ತೆರೆದ ದಿನವೇ ಜಾಗ ಹಿಡಿದುಕೊಳ್ಳಲಿ. ಶರತ್ಕಾಲದ ಕೋರ್ಸುಗಳ ಅಂಕ ಬಂದ ಮೇಲೆ ಇಲ್ಲಿ ಬರೆಯಿರಿ. ವಸಂತಕಾಲಕ್ಕೆ ಯಾವ ಮೂರು ಕೋರ್ಸು ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.